ಅಂಗಳದ ಗಿಡಗಳು ಸೊಳ್ಳೆಗಳನ್ನು ನಿಜವಾಗಿಯೂ ದೂರವಿಡುತ್ತವೆಯೇ?

ಪ್ರಶ್ನೆ

ನಮ್ಮ ಮನೆಯ ಮುಂದೆ ಕುಳಿತುಕೊಳ್ಳಲು ಸ್ವಲ್ಪ ಜಾಗವಿದ್ದು, ಅದರ ಸುತ್ತ ಇಪ್ಪತ್ತಕ್ಕೂ ಹೆಚ್ಚು ಕುಂಡಗಳನ್ನು ಇಟ್ಟಿದ್ದೇನೆ. ಮನೆಯಲ್ಲಿ ಎರಡು ವರ್ಷದ ಮಗುವಿರುವುದರಿಂದ ಸೊಳ್ಳೆಬತ್ತಿಯ ಹೊಗೆಯಾಗಲಿ ಔಷಧಿ ಸಿಂಪಡಣೆಯಾಗಲಿ ಬೇಡವೆಂದು ನಿಶ್ಚಯಿಸಿ, ಕಳೆದ ವರ್ಷ ಸಿಟ್ರೊನೆಲ್ಲಾ ಹುಲ್ಲು, ಮಜ್ಜಿಗೆಹುಲ್ಲು, ತುಳಸಿ, ಚೆಂಡುಹೂ ಹಾಗೂ ‘ಸೊಳ್ಳೆ ಗಿಡ’ ಎಂಬ ಹೆಸರಿನಲ್ಲಿ ಮಾರುವ ಪರಿಮಳದ ಜೆರೇನಿಯಂ ತಂದು ನೆಟ್ಟೆ. ಎಲ್ಲವೂ ಹುಲುಸಾಗಿ ಬೆಳೆದಿವೆ. ಆದರೆ ಸಂಜೆ ಅಲ್ಲಿ ಹತ್ತು ನಿಮಿಷ ಕೂರುವುದು ಇಂದಿಗೂ ಕಷ್ಟವೇ. ಗಿಡಗಳ ಸಂಖ್ಯೆ ಸಾಲದೇ, ಅಥವಾ ನಾನು ಆರಿಸಿದ ಜಾತಿಗಳೇ ಸರಿಯಿಲ್ಲವೇ? ಅನುಭವವುಳ್ಳವರು ದಯವಿಟ್ಟು ತಿಳಿಸಬೇಕು.

ಉತ್ತರ 1

ನೀವು ಆರಿಸಿದ ಗಿಡಗಳಲ್ಲಿ ಹೆಚ್ಚಿನವುಗಳಲ್ಲಿ ಸೊಳ್ಳೆಗೆ ಒಗ್ಗದ ಸತ್ವ ಇರುವುದು ನಿಜ. ಸಿಟ್ರೊನೆಲ್ಲಾ ಹುಲ್ಲಿನ ಎಣ್ಣೆಯಲ್ಲಿ ಸಿಟ್ರೊನೆಲ್ಲಾಲ್ ಮತ್ತು ಜೆರಾನಿಯಾಲ್, ಮಜ್ಜಿಗೆಹುಲ್ಲಿನಲ್ಲಿ ಸಿಟ್ರಾಲ್, ತುಳಸಿಯಲ್ಲಿ ಯುಜೆನಾಲ್ ಇವೆ. ತೊಡಕಿರುವುದು ಬೇರೆ ಕಡೆ. ಈ ಎಣ್ಣೆ ಎಲೆಯ ಒಳಗಿನ ಕೋಶಗಳಲ್ಲಿ ಅಥವಾ ಎಲೆಯ ಮೇಲಿನ ಸಣ್ಣ ಗ್ರಂಥಿಗಳಲ್ಲಿ ಅಡಗಿರುತ್ತದೆ. ಎಲೆಯನ್ನು ಹಿಸುಕಿದಾಗ, ಕತ್ತರಿಸಿದಾಗ, ಕನಿಷ್ಠಪಕ್ಷ ಕೈಯಾಡಿಸಿದಾಗ ಗಮ್ಮೆಂದು ಹೊಮ್ಮುವ ವಾಸನೆ, ಗಿಡ ತನ್ನ ಪಾಡಿಗೆ ತಾನು ನಿಂತಿರುವಾಗ ಗಾಳಿಗೆ ಸೇರುವುದು ಅತ್ಯಲ್ಪ. ಇತ್ತ ನಮ್ಮ ಉಸಿರಿನ ಇಂಗಾಲದ ಡೈಆಕ್ಸೈಡ್, ಮೈಯ ಬಿಸಿ ಮತ್ತು ಬೆವರಿನ ವಾಸನೆ ಸೊಳ್ಳೆಯನ್ನು ಎಡೆಬಿಡದೆ ಕರೆಯುತ್ತಲೇ ಇರುತ್ತವೆ. ಆ ಸೆಳೆತದ ಮುಂದೆ ಗಿಡದಿಂದ ಬರುವ ಸಣ್ಣ ವಾಸನೆ ನಿಲ್ಲುವುದಿಲ್ಲ.

‘ಸೊಳ್ಳೆ ಗಿಡ’ದ ವಿಷಯವನ್ನು ಬಿಡಿಸಿ ಹೇಳಬೇಕು, ಏಕೆಂದರೆ ಅದನ್ನು ನಂಬಿ ಹಣ ಕಳೆದುಕೊಂಡವರು ಅನೇಕರು. ಈ ಜೆರೇನಿಯಂ ಅನ್ನು 1990ರ ದಶಕದಲ್ಲಿ ಏಡಿಸ್ ಸೊಳ್ಳೆಗಳ ಎದುರು ಪರೀಕ್ಷಿಸಿದಾಗ, ಗಿಡದ ಪಕ್ಕದಲ್ಲಿ ಕುಳಿತವರಿಗೂ ಗಿಡವಿಲ್ಲದೆ ಕುಳಿತವರಿಗೂ ಹೇಳಿಕೊಳ್ಳುವಂತಹ ವ್ಯತ್ಯಾಸವೇ ಕಾಣಲಿಲ್ಲ. ನಿಂಬೆಯ ಪರಿಮಳವಿದೆ ಎಂದಮಾತ್ರಕ್ಕೆ ಅದು ಸಿಟ್ರೊನೆಲ್ಲಾ ಹುಲ್ಲಿಗೆ ಸಮವಾಗುವುದಿಲ್ಲ. ಅವೆರಡೂ ಬೇರೆ ಬೇರೆ ಕುಟುಂಬಗಳಿಗೆ ಸೇರಿದ ಸಸ್ಯಗಳು.

ಚೆಂಡುಹೂವಿನ ಬಗ್ಗೆಯೂ ಒಂದು ತಪ್ಪು ಗ್ರಹಿಕೆ ಹಬ್ಬಿದೆ. ಕೀಟಗಳನ್ನು ಕೊಲ್ಲುವ ಪೈರೆಥ್ರಮ್ ದೊರೆಯುವುದು ಸೇವಂತಿಗೆಯ ಹತ್ತಿರದ ಬಂಧುವಾದ ಒಂದು ಬಿಳಿ ಹೂವಿನ ಗಿಡದಿಂದಲೇ ಹೊರತು ಚೆಂಡುಹೂವಿನಿಂದಲ್ಲ. ಅಲ್ಲಿಯೂ ಸತ್ವವಿರುವುದು ಮುಖ್ಯವಾಗಿ ಹೂವಿನ ಒಳಗೆ, ಅದನ್ನು ಒಣಗಿಸಿ ಪುಡಿ ಮಾಡಿಯೋ ರಸ ಇಳಿಸಿಯೋ ಬಳಸುತ್ತಾರೆ.

ಉತ್ತರ 2

ಮೇಲಿನ ವಿವರಣೆಯನ್ನು ಬಹುಮಟ್ಟಿಗೆ ಒಪ್ಪುತ್ತೇನೆ. ಆದರೂ ಜೀವಂತ ಗಿಡದಿಂದ ಏನೂ ಆಗದು ಎಂದು ಯಾರೂ ತೀರ್ಮಾನಿಸಬಾರದು. ಕೀನ್ಯಾದಲ್ಲಿ ಕುಂಡದ ಗಿಡಗಳನ್ನು ಮಲೇರಿಯಾ ಹರಡುವ ಅನಾಫಿಲಿಸ್ ಸೊಳ್ಳೆಗಳ ಎದುರು ಇಟ್ಟು ನೋಡಿದ ಪ್ರಯೋಗದಲ್ಲಿ, ತುಳಸಿಯ ಕುಲಕ್ಕೆ ಸೇರಿದ ಒಂದು ಜಾತಿಯೂ ಲಂಟಾನವೂ ಸೊಳ್ಳೆಗಳನ್ನು ಸುಮಾರು ಮೂರನೇ ಒಂದು ಭಾಗದಷ್ಟು ತಗ್ಗಿಸಿದವು. ತಾಂಜಾನಿಯಾದಲ್ಲಿ ಮನೆಗಳ ಸುತ್ತ ಲಂಟಾನ ನೆಟ್ಟಾಗ, ಒಳಗೆ ಸಿಕ್ಕ ಸೊಳ್ಳೆಗಳ ಸಂಖ್ಯೆ ನೆಡದ ಮನೆಗಳಿಗಿಂತ ಅರ್ಧಕ್ಕೂ ಕಡಿಮೆಯಿತ್ತು. ಅಲ್ಲಿ ಗಿಡಗಳನ್ನು ಮನೆಯ ಸುತ್ತ ಸಾಲಾಗಿ ನೆಟ್ಟಿದ್ದರು ಎಂಬುದನ್ನು ಗಮನಿಸಿ. ಮೂಲೆಗೊಂದು ಕುಂಡವಿಟ್ಟು ಅದೇ ಫಲವನ್ನು ನಿರೀಕ್ಷಿಸಲಾಗದು.

ಹಾಗೆಂದು ನಾನು ಲಂಟಾನ ನೆಡಿ ಎಂದು ಯಾರಿಗೂ ಹೇಳಲಾರೆ. ಒಮ್ಮೆ ಬೇಲಿ ದಾಟಿದರೆ ಕಾಡನ್ನೇ ನುಂಗುವ ಗಿಡವದು. ಅದರ ಎಲೆ ತಿಂದ ದನಕರುಗಳ ಯಕೃತ್ತು ಹಾಳಾಗುತ್ತದೆ. ಸೊಳ್ಳೆಯನ್ನು ಓಡಿಸಲು ಹೋಗಿ ಇಡೀ ಪರಿಸರಕ್ಕೆ ಕಂಟಕ ತಂದುಕೊಳ್ಳುವುದು ಸರಿಯಲ್ಲ ಎಂಬುದು ನನ್ನ ದೃಢವಾದ ಅಭಿಪ್ರಾಯ. ನಿಮ್ಮಲ್ಲಿರುವ ತುಳಸಿ ಮತ್ತು ಎರಡು ಬಗೆಯ ಹುಲ್ಲುಗಳನ್ನೇ ಕೂರುವ ಜಾಗಕ್ಕೆ ಒತ್ತಾಗಿ, ನಡೆದಾಡುವಾಗ ಮೈ ತಾಗುವಂತೆ ಜೋಡಿಸಿ, ಸಂಜೆ ಕೂರುವ ಮುನ್ನ ನಾಲ್ಕಾರು ಎಲೆಗಳನ್ನು ಹಿಸುಕಿ ಹತ್ತಿರ ಇಟ್ಟುಕೊಂಡರೆ ಸ್ವಲ್ಪ ಹೊತ್ತಿನ ಮಟ್ಟಿಗೆ ನೆರವಾಗಬಹುದು. ಈ ಎಣ್ಣೆಗಳು ಬೇಗ ಆವಿಯಾಗುವುದರಿಂದ ಆ ಪರಿಣಾಮ ಹೆಚ್ಚು ಹೊತ್ತು ನಿಲ್ಲುವುದಿಲ್ಲ.

ಉತ್ತರ 3

ಎಲ್ಲರೂ ಎಲೆಯ ಬಗ್ಗೆಯೇ ಮಾತನಾಡುತ್ತಿದ್ದೀರಿ. ನಾನು ಕುಂಡದ ಕೆಳಗಿನ ತಟ್ಟೆಯ ಬಗ್ಗೆ ಕೇಳುತ್ತೇನೆ. ಇಪ್ಪತ್ತು ಕುಂಡಗಳಿಗೆ ಇಪ್ಪತ್ತು ತಟ್ಟೆಗಳಿದ್ದರೆ, ಅವುಗಳಲ್ಲಿ ನಿಂತ ನೀರು ಏಡಿಸ್ ಸೊಳ್ಳೆಗೆ ಹೇಳಿ ಮಾಡಿಸಿದ ಜಾಗ. ಬೆಚ್ಚಗಿನ ಹವೆಯಲ್ಲಿ ಮೊಟ್ಟೆಯಿಂದ ರೆಕ್ಕೆ ಬಂದ ಸೊಳ್ಳೆಯಾಗಲು ಒಂದು ವಾರದಿಂದ ಹತ್ತು ದಿನ ಸಾಕು. ನೀರು ಚೆಲ್ಲಿದರಷ್ಟೇ ಸಾಲದು, ತಟ್ಟೆಯ ಒಳಬದಿಯನ್ನು ವಾರಕ್ಕೊಮ್ಮೆ ತಿಕ್ಕಿ ತೊಳೆಯಬೇಕು. ಏಕೆಂದರೆ ಅಂಚಿಗೆ ಅಂಟಿಕೊಂಡ ಏಡಿಸ್ ಮೊಟ್ಟೆಗಳು ತಿಂಗಳುಗಟ್ಟಲೆ ಒಣಗಿದ್ದರೂ ಮತ್ತೆ ನೀರು ಸೋಕಿದೊಡನೆ ಒಡೆಯುತ್ತವೆ. ಎಲೆಯ ಬುಡದಲ್ಲಿ ನೀರು ಹಿಡಿದಿಡುವ ಬ್ರೊಮೀಲಿಯಾಡ್, ನೀರಿನ ಬಾಟಲಿಯಲ್ಲಿ ಬೆಳೆಸುವ ಮನಿಪ್ಲಾಂಟ್ ಮತ್ತು ಲಕ್ಕಿ ಬ್ಯಾಂಬೂಗಳನ್ನೂ ಮರೆಯಬೇಡಿ. 2001ರಲ್ಲಿ ಏಷ್ಯಾದಿಂದ ಹಡಗಿನಲ್ಲಿ ಕ್ಯಾಲಿಫೋರ್ನಿಯಾಕ್ಕೆ ಬಂದ ಲಕ್ಕಿ ಬ್ಯಾಂಬೂಗಳ ನೀರಿನಲ್ಲಿಯೇ ಏಷ್ಯಾದ ಹುಲಿಸೊಳ್ಳೆ ಅಲ್ಲಿಗೆ ತಲುಪಿತ್ತು.

ನೀರು ಚೆಲ್ಲಲಾಗದ ತಾವರೆಯ ತೊಟ್ಟಿಯಂತಹ ಜಾಗವಿದ್ದರೆ ಗಪ್ಪಿ ಮೀನು ಬಿಡಬಹುದು, ಇಲ್ಲವೇ ಬಿಟಿಐ ಎಂಬ ಬ್ಯಾಕ್ಟೀರಿಯಾದ ಬಿಲ್ಲೆಗಳನ್ನು ಹಾಕಬಹುದು. ಅದು ಸೊಳ್ಳೆಮರಿಗಳನ್ನು ಕೊಲ್ಲುತ್ತದೆ, ಮೀನಿಗೂ ಮನುಷ್ಯರಿಗೂ ಹಾನಿ ಮಾಡುವುದಿಲ್ಲ.

ಪ್ರಶ್ನೆ ಕೇಳಿದವರು

ಮೂವರಿಗೂ ಮನಃಪೂರ್ವಕ ವಂದನೆಗಳು. ಈಗಷ್ಟೇ ಹೋಗಿ ನೋಡಿದೆ. ಒಂಬತ್ತು ತಟ್ಟೆಗಳಲ್ಲಿ ನೀರಿತ್ತು, ನಾಲ್ಕರಲ್ಲಿ ಮರಿಗಳು ಕುಣಿಯುತ್ತಿದ್ದವು. ಎಲ್ಲವನ್ನೂ ತಿಕ್ಕಿ ಕವುಚಿ ಹಾಕಿದ್ದೇನೆ. ಒಂದೇ ಸಂದೇಹ ಉಳಿದಿದೆ: ನಿಂಬೆ ವಾಸನೆಯ ನೀಲಗಿರಿ ಎಣ್ಣೆ ಗಿಡಮೂಲದ್ದಾದ್ದರಿಂದ ಮಗುವಿನ ಕೈಕಾಲಿಗೆ ಹಚ್ಚಬಹುದೇ?

ಉತ್ತರ 1

ದಯವಿಟ್ಟು ಹಚ್ಚಬೇಡಿ. ಆ ಎಲೆಯಿಂದ ಸಂಸ್ಕರಿಸಿ ಪಡೆಯುವ ಪಿಎಂಡಿ ಎಂಬ ಸತ್ವ ಸೊಳ್ಳೆಯ ವಿರುದ್ಧ ಚೆನ್ನಾಗಿಯೇ ಕೆಲಸ ಮಾಡುತ್ತದೆ. ಆದರೆ ಮೂರು ವರ್ಷ ತುಂಬದ ಮಕ್ಕಳಿಗೆ ಅದನ್ನು ಬಳಸಬಾರದೆಂಬ ಸೂಚನೆಯಿದೆ. ಸಂಸ್ಕರಿಸದ ಎಣ್ಣೆಯಲ್ಲಿ ಪಿಎಂಡಿ ಬಹಳ ಕಡಿಮೆಯಿರುವುದರಿಂದ ಅದು ಪರ್ಯಾಯವೂ ಅಲ್ಲ, ಎಳೆಯ ಚರ್ಮ ಅದರಿಂದ ಉರಿಯಲೂಬಹುದು. ಮಗುವಿಗೆ ಮೈತುಂಬ ಸಡಿಲವಾದ ಬಟ್ಟೆ ತೊಡಿಸಿ, ಮಲಗಿದಾಗ ಸೊಳ್ಳೆಪರದೆ ಕಟ್ಟಿ. ಕೂರುವ ಜಾಗದಲ್ಲಿ ಒಂದು ಫ್ಯಾನ್ ಹಾಕಿ. ಸೊಳ್ಳೆ ದುರ್ಬಲವಾಗಿ ಹಾರುವ ಕೀಟವಾದ್ದರಿಂದ ಬೀಸುವ ಗಾಳಿಗೆ ಎದುರಾಗಿ ಬರಲಾರದು, ನಿಮ್ಮ ಉಸಿರಿನ ಜಾಡೂ ಅದಕ್ಕೆ ಸರಿಯಾಗಿ ಸಿಗುವುದಿಲ್ಲ. ಮೊದಲೇ ಹಾರಿಹೋದ ಸೊಳ್ಳೆಗಳು ಇನ್ನೂ ಎರಡು ಮೂರು ವಾರ ಬದುಕಿರಬಹುದಾದ್ದರಿಂದ, ತಟ್ಟೆಗಳನ್ನು ತೊಳೆದ ಫಲ ಕಾಣಲು ಅಷ್ಟು ದಿನ ಕಾಯಬೇಕಾದೀತು.