ಯಾವ ಪೋಸೆಟ್ ಬರೆದ್ರೂ ಅದಕ್ಕೊಂದು ರಿಂಗ್ ಸಿಗತ್ತಾ?

ಮೂಲೆಬೆಂಚು:
ಎಲ್ರಿಗೂ ನಮಸ್ಕಾರ. ಎಂಎಸ್ಸಿ ಎರಡನೇ ವರ್ಷ, ಕಮ್ಯುಟೇಟಿವ್ ಆಲ್ಜೀಬ್ರಾ ಓದ್ತಿದೀನಿ. ಒಂದು ರಿಂಗ್‌ನ (ಕೂಡಿ, ಕಳೆದು, ಗುಣಿಸೋಕೆ ಬರೋ ಸೆಟ್) ಪ್ರೈಮ್ ಐಡಿಯಲ್‌ಗಳಲ್ಲಿ (ಐಡಿಯಲ್ ಅಂದ್ರೆ ರಿಂಗ್‌ನ ಯಾವುದ್ರಿಂದ ಗುಣಿಸಿದ್ರೂ, ತಮ್ತಮ್ಮಲ್ಲಿ ಕೂಡಿದ್ರೂ ಒಳಗೇ ಉಳಿಯೋ ಭಾಗ; ಗುಣಲಬ್ಧ ಒಳಗಿದ್ರೆ ಗುಣಿಸಿದ ಎರಡರಲ್ಲಿ ಒಂದಾದ್ರೂ ಒಳಗಿರೋದು ಪ್ರೈಮ್) ಯಾವುದು ಯಾವುದ್ರೊಳಗೆ ಅಂತ ನೋಡಿ ಚುಕ್ಕಿ ಗೆರೆ ಹಾಕಿದ್ರೆ ಪೋಸೆಟ್ (ಎಲ್ಲಾ ಜೋಡೀನೂ ಹೋಲಿಸೋಕಾಗ್ಲೇಬೇಕು ಅಂತಿಲ್ಲದ ಮೇಲು ಕೆಳಗಿನ ಕ್ರಮ) ಬರತ್ತಲ್ಲ, ಪೂರ್ಣಾಂಕಗಳದ್ದು ಹಾಕಿದ್ರೆ ಕೆಳಗೆ ಸೊನ್ನೆ, ಮೇಲೆ 2, 3, 5, 7 ಅಂತ ಪೊರಕೆ ಥರ ಹರಡ್ಕೊಳತ್ತೆ. ನನ್ ಡೌಟು ಉಲ್ಟಾ. ಚಿತ್ರ ಮೊದ್ಲು ಬರೆದ್ರೆ ಅದಕ್ಕೆ ರಿಂಗ್ ಇದ್ದೇ ಇರತ್ತಾ? ಗಾಳಿಪಟದ ಆಕಾರ (ಕೆಳಗೊಂದು, ನಡುವೆ ಎರಡು, ಮೇಲೊಂದು) ಹಿಡ್ಕೊಂಡು ಎರಡು ದಿನ ಒದ್ದಾಡ್ದೆ, ಪಾಲಿನಾಮಿಯಲ್ ರಿಂಗ್ ಲೋಕಲೈಸ್ ಮಾಡಿದ್ರೆ (ಕೆಲವು ಎಲಿಮೆಂಟ್‌ಗಳಿಂದ ಭಾಗಿಸೋಕೆ ಬಿಟ್ರೆ) ನಡುವೆ ಬೇಡದ್ದೆಲ್ಲಾ ಬಂದು ಕೂರತ್ತೆ 😩

ಸೊನ್ನೆಭಾಜಕ:
ಕೂತೇ ಕೂರತ್ತೆ ಮಾರಾಯ, ಅದು ನೋಥೇರಿಯನ್ ರಿಂಗು (ಪ್ರತಿ ಐಡಿಯಲ್ಲೂ ಫೈನೈಟ್ಲಿ ಜನರೇಟೆಡ್, ಅಂದ್ರೆ ಬೆರಳೆಣಿಕೆ ಎಲಿಮೆಂಟ್‌ಗಳಿಂದ ಹುಟ್ಟೋದು). ಅಲ್ಲಿ ಎರಡು ಪ್ರೈಮ್‌ಗಳ ನಡುವೆ ಒಂದು ಸಿಕ್ತು ಅಂದ್ರೆ ಲೆಕ್ಕ ಇಲ್ದಷ್ಟು ಸಿಗತ್ತೆ. ಕೆಳಗಿನ ಪ್ರೈಮನ್ನ ಸೊನ್ನೆ ಮಾಡ್ಕೋ, ನಡುವೆ ಇರೋದು ನಾಲ್ಕೈದೇ ಅನ್ಕೋ, ಅವ್ಯಾವುದ್ರಲ್ಲೂ ಇಲ್ದೆ ಮೇಲಿನದ್ರಲ್ಲಿ ಮಾತ್ರ ಇರೋ ಎಲಿಮೆಂಟ್ ಒಂದು ತಗೋಬಹುದು (ಪ್ರೈಮ್ ಅವಾಯ್ಡೆನ್ಸ್), ಮೇಲಿನದ್ರೊಳಗೆ ಅದನ್ನ ಹೊತ್ತಿರೋ ಮಿನಿಮಲ್ ಪ್ರೈಮ್‌ನ ಹೈಟ್ (ಕೆಳಗಿಂದ ಎಷ್ಟು ಮೆಟ್ಟಿಲು ಮೇಲೆ ಅನ್ನೋದು) ಕ್ರುಲ್ ಥಿಯರಮ್ ಪ್ರಕಾರ 1, ಮೇಲಿನದ್ದರ ಹೈಟ್ ಕಮ್ಮಿ ಅಂದ್ರೂ 2, ಅಂದ್ಮೇಲೆ ಅದು ನಡುವಿನ ಹೊಸಬ! ನೋಥೇರಿಯನ್ ಹಠ ಬಿಟ್ರೆ ಮಾತ್ರ ಫೈನೈಟ್ ಪೋಸೆಟ್ ಯಾವುದಾದ್ರೂ ಸೈ, ಗಣಿತಜ್ಞ ಲೂಯಿಸ್ 1973ರಲ್ಲೇ ತೋರ್ಸಿದಾರೆ, ನಿನ್ ಗಾಳಿಪಟಾನೂ ಹಾರತ್ತೆ.

ಹಳೇಮೇಷ್ಟ್ರು:
ಇನ್‌ಫೈನೈಟ್ ಆದ್ರೆ ಹಾಗಲ್ಲಪ್ಪ. 0ರಿಂದ 1ರವರೆಗಿನ ರಿಯಲ್ ನಂಬರ್‌ಗಳ ಕ್ರಮ ಯಾವ ರಿಂಗ್‌ನಿಂದಲೂ ಬರಲ್ಲ. ಗಣಿತಜ್ಞ ಕಪ್ಲಾನ್‌ಸ್ಕಿ ಹೇಳಿದ್ದು ಎರಡು ಮಾತು: ಪ್ರತಿ ಚೈನ್‌ಗೂ (ಒಂದರ ಮೇಲೊಂದು ಕೂರೋ ಸಾಲು) ಸುಪ್ರಿಮಮ್ (ಎಲ್ಲದರ ಮೇಲಿರೋವುಗಳಲ್ಲಿ ಅತಿ ಕೆಳಗಿನದು), ಇನ್‌ಫಿಮಮ್ (ಎಲ್ಲದರ ಕೆಳಗಿರೋವುಗಳಲ್ಲಿ ಅತಿ ಮೇಲಿನದು) ಇರ್ಬೇಕು, ಒಂದರ ಮೇಲೊಂದಿರೋ ಯಾವ ಎರಡು ಪ್ರೈಮ್ ತಗೊಂಡ್ರೂ ಅವುಗಳ ನಡುವೆ ಎಲ್ಲೋ ಪಕ್ಕಪಕ್ಕದ (ಮಧ್ಯೆ ಇನ್ಯಾವುದೂ ಇಲ್ಲದ) ಜೋಡಿ ಸಿಗ್ಬೇಕು. ಎರಡನೇದು ನನಗೆ ತುಂಬಾ ಇಷ್ಟ. ಮೇಲಿನದ್ರಲ್ಲಿದ್ದು ಕೆಳಗಿನದ್ರಲ್ಲಿಲ್ಲದ ಒಂದು ಎಲಿಮೆಂಟ್ ಹಿಡ್ಕೋ, ಎರಡರ ನಡುವೆ ಝೋರ್ನ್ ಲೆಮ್ಮಾದಿಂದ ಮ್ಯಾಕ್ಸಿಮಲ್ ಚೈನ್ ಎಳಿ, ಚೈನ್‌ನಲ್ಲಿ ಅದು ಇರೋವೆಲ್ಲದರ ಇಂಟರ್ಸೆಕ್ಷನ್, ಇಲ್ದಿರೋವೆಲ್ಲದರ ಯೂನಿಯನ್ ತಗೋ, ಎರಡೂ ಪ್ರೈಮೇ, ಮಧ್ಯೆ ಸೂಜಿ ತೂರೋಕೂ ಜಾಗ ಇಲ್ಲ. ಈ ಎರಡಿದ್ರೆ ಸಾಕು ಅಂತ ಮಾತ್ರ ತಿಳ್ಕೋಬೇಡ, ಸಾಲಲ್ಲ. ಯಾವುದು ರಿಂಗ್‌ನಿಂದ ಬರತ್ತೆ ಅನ್ನೋದನ್ನ ಗಣಿತಜ್ಞ ಹಾಕ್‌ಸ್ಟರ್ 1969ರಲ್ಲಿ ಬಗೆಹರಿಸಿದ್ದು ಟೊಪಾಲಜಿ ಕಡೆಯಿಂದ.

ಮೂಲೆಬೆಂಚು:
ಥ್ಯಾಂಕ್ಸ್ ಸರ್! ನೋಥೇರಿಯನ್ ಅಲ್ದಿರೋದು ಕೈಯಲ್ಲಿ ಬರ್ಯೋ ಹಾಗೆ ಒಂದಿದ್ಯಾ?

ಸೊನ್ನೆಭಾಜಕ:
ಮೂರು ಮೆಟ್ಟಿಲಿನ ಏಣಿ ಮಾಡ್ಕೋ. ಎಕ್ಸ್, ವೈ ಅಂತ ಎರಡು ವೇರಿಯಬಲ್, ಎಕ್ಸ್‌ನ ಎಷ್ಟೇ ದೊಡ್ಡ ಪವರ್ ಆದ್ರೂ ವೈಯನ್ನ ಭಾಗಿಸೋ ಥರ ವ್ಯಾಲ್ಯುಯೇಶನ್ ರಿಂಗ್ (ಯಾವ ಎರಡು ಎಲಿಮೆಂಟ್ ತಗೊಂಡ್ರೂ ಒಂದು ಇನ್ನೊಂದನ್ನ ಭಾಗಿಸೋ ರಿಂಗ್). ಕೆಳಗೆ ಸೊನ್ನೆ, ಮೇಲೆ ಎಕ್ಸ್ ಹುಟ್ಟಿಸೋ ಐಡಿಯಲ್, ನಡುವಿನದ್ರಲ್ಲಿ ವೈ, ವೈ ಬೈ ಎಕ್ಸ್, ವೈ ಬೈ ಎಕ್ಸ್ ಸ್ಕ್ವೇರ್... ಹೀಗೆ ಮುಗಿಯೋದೇ ಇಲ್ಲ.

ಮೂಲೆಬೆಂಚು:
ಓ, ನಡುವಿನದು ಫೈನೈಟ್ಲಿ ಜನರೇಟೆಡ್ ಅಲ್ಲ, ನೋಥೇರಿಯನ್ ಕೈಕೊಟ್ಟಿದ್ದು ಅಲ್ಲೇ!