ಇಲಿಯಿಂದ ಇಲಿಗೆ ಬ್ಯಾಕ್ಟೀರಿಯಾ: 'ಸೋಂಕು' ಅನ್ನಬಹುದೇ?

ಎಲ್ಲರಿಗೂ ನಮಸ್ಕಾರ,

ಪ್ರಯೋಗಾಲಯದ ಇಲಿಗಳ ಬಗ್ಗೆ ಬರೆಯುತ್ತಿದ್ದೇನೆ, ಒಂದು ಪದಕ್ಕೆ ತಡಕಾಡುತ್ತಿದ್ದೇನೆ.

ಸೂಕ್ಷ್ಮಜೀವಿಯೇ ಇಲ್ಲದಂತೆ ಇಲಿಗಳನ್ನು ಬೆಳೆಸುತ್ತಾರೆ. ಬಿಗಿಯಾಗಿ ಮುಚ್ಚಿದ ಪ್ಲಾಸ್ಟಿಕ್ ಗೂಡು, ಒಳಗೆ ಹೋಗುವುದು ಫಿಲ್ಟರ್ ಆದ ಗಾಳಿ, ನೀರು ಮತ್ತು ಹಾಸನ್ನು 121 ಡಿಗ್ರಿ ಸೆಲ್ಸಿಯಸ್ ಹಬೆಯಲ್ಲಿ ಬೇಯಿಸಿಯೇ ಕೊಡುವುದು. ಅಲ್ಲಿಗೆ ಸಾಧಾರಣ ಇಲಿಯೊಂದನ್ನು ಬಿಟ್ಟರೆ ಸಾಕು, ಕೆಲವೇ ದಿನಗಳಲ್ಲಿ ಅದರ ಬ್ಯಾಕ್ಟೀರಿಯಾ ಉಳಿದವುಗಳ ಕರುಳಿನಲ್ಲೂ ಬಂದು ಕೂತಿರುತ್ತವೆ. ಗಾಳಿಯ ಪಾತ್ರ ಕಡಿಮೆ. ಇಲಿಗಳು ಹಿಕ್ಕೆ ತಿನ್ನುತ್ತವೆ, ತಮ್ಮದನ್ನೂ ಜೊತೆಯವುಗಳದ್ದನ್ನೂ. ಮೈ ನೆಕ್ಕುವುದು ಬೇರೆ. ಹಾಗಾಗಿ ಒಂದೇ ಗೂಡಿನ ಇಲಿಗಳ ಕರುಳಿನ ಬ್ಯಾಕ್ಟೀರಿಯಾ ಒಂದೇ ತರಹ ಆಗುತ್ತಾ ಹೋಗುತ್ತವೆ, ಪಕ್ಕದ ಗೂಡಿನವು ಬೇರೆಯೇ ಇರಬಹುದು. ಸಂಶೋಧಕರಿಗೆ ಇದೇ ತಲೆನೋವು: ಕಂಡ ವ್ಯತ್ಯಾಸ ಔಷಧಿಯದ್ದೋ, ಗೂಡಿನದ್ದೋ?

ಈಗ ಪದದ ವಿಷಯ. 'ಸೋಂಕು' ಅಂತ ಬರೆದರೆ ಓದುವವರಿಗೆ ರೋಗವೇ ನೆನಪಾಗುತ್ತದೆ, ಇಲ್ಲಿ ಯಾವ ಇಲಿಗೂ ಕಾಯಿಲೆ ಇಲ್ಲ. ಮೂಲದಲ್ಲಿ ಸೋಂಕು ಅಂದರೆ ತಾಗುವುದು ಅಷ್ಟೇ ಅಲ್ವಾ, 'ಗಾಳಿ ಸೋಕಿತು' ಅನ್ನುತ್ತೇವಲ್ಲ, ಆ ಅರ್ಥದಲ್ಲಿ ಬಳಸೋಣ ಅಂದುಕೊಂಡೆ. ಆದರೆ ಒಂದು ಗೂಡಿನ ಕೊಳಕು ಹಾಸನ್ನು ಇನ್ನೊಂದಕ್ಕೆ ಹಾಕಿದರೂ ಬ್ಯಾಕ್ಟೀರಿಯಾ ಹೋಗುತ್ತವೆ, ಅಲ್ಲಿ ಇಲಿಗೆ ಇಲಿ ತಾಗಿರುವುದೇ ಇಲ್ಲ! 'ತಗಲು', 'ಅಂಟು' ಎರಡಕ್ಕೂ ನೆಗಡಿಯ ವಾಸನೆ. 'ಹರಡು' ಇಡೀ ಗುಂಪಿಗೆ ಸರಿ, ಒಂದರಿಂದ ಒಂದಕ್ಕೆ ಹೋಗುವುದಕ್ಕೆ ಸಪ್ಪೆ.

ಇನ್ನೊಂದು ತೊಡಕಿದೆ. ಹೊಟ್ಟೆಗೆ ಹೋದ ಬ್ಯಾಕ್ಟೀರಿಯಾ ಎಲ್ಲವೂ ಉಳಿಯುವುದಿಲ್ಲ. ಎಷ್ಟೋ ಹಾಗೇ ಹೊರಗೆ ಹೋಗುತ್ತವೆ, ಕೆಲವು ಮಾತ್ರ ಕರುಳಿನಲ್ಲಿ ಜಾಗ ಹಿಡಿದು ಬೆಳೆಯುತ್ತವೆ, ಅದರಲ್ಲೂ ಅಲ್ಲಿ ಮೊದಲೇ ಬೇರೆ ಬ್ಯಾಕ್ಟೀರಿಯಾ ತುಂಬಿದ್ದರೆ ಹೊಸಬರಿಗೆ ಕಷ್ಟ ಜಾಸ್ತಿ. ಇಲಿಯಿಂದ ಇಲಿಗೆ ಹೋಗುವುದು ಒಂದು, ಹೋದಮೇಲೆ ಅಲ್ಲೇ ಉಳಿಯುವುದು ಇನ್ನೊಂದು; ಎರಡಕ್ಕೂ ಒಂದೇ ಪದ ಹಾಕಿದರೆ ವಿಷಯವೇ ಕಲಸಿಹೋಗುತ್ತದೆ. ಸದ್ಯಕ್ಕೆ ಮೊದಲನೆಯದಕ್ಕೆ 'ದಾಟು', ಎರಡನೆಯದಕ್ಕೆ 'ನೆಲೆಯೂರು' ಅಂತ ಬರೆದಿದ್ದೇನೆ. 'ವರ್ಗಾವಣೆ' ಬೇಡ, ಬ್ಯಾಕ್ಟೀರಿಯಾಕ್ಕೆ ಆರ್ಡರ್ ಬಂದ ಹಾಗೆ ಕೇಳಿಸುತ್ತದೆ.

'ಗೂಡು' ಕೂಡ ಸುಮ್ನೆ ಹಾಕಿದ್ದು. 'ಬೋನು' ಅಂದರೆ ಇಲಿ ಹಿಡಿಯುವುದು, 'ಪಂಜರ' ಅಂದರೆ ಕಂಬಿ ಕಾಣಿಸುತ್ತದೆ, ಇದು ನೋಡಿದರೆ ಮುಚ್ಚಳದ ಡಬ್ಬಿ. ಪಶುವೈದ್ಯರು, ಲ್ಯಾಬಿನವರು ಯಾರಾದರೂ ಇಲ್ಲಿದ್ದರೆ, ನೀವು ಕನ್ನಡದಲ್ಲಿ ಮಾತಾಡುವಾಗ ಇವಕ್ಕೆಲ್ಲ ಏನನ್ನುತ್ತೀರಿ?