ಕ್ಯಾಮರೋಗೆ 3600 ಸ್ಟಾಲ್ ಕನ್ವರ್ಟರ್ ಹಾಕಿಸಬಹುದಾ? ಅನುಭವ ಇರುವವರು ಹೇಳಿ

ಡಲ್ಲಾಸ್‌ನಿಂದ ಪ್ರಶ್ನೆ:
2002ರ ಕ್ಯಾಮರೋ ಝಡ್28 ಇದೆ. ಎಲ್‌ಎಸ್1 ಎಂಜಿನ್, 4ಎಲ್60ಇ ಗೇರ್‌ಬಾಕ್ಸ್, ಹಿಂದಿನ ಆಕ್ಸಲ್ ಅನುಪಾತ 2.73. ಕ್ಯಾಮ್ (ಎಂಜಿನ್ ವಾಲ್ವ್ ತೆರೆಯುವ ದಂಡ) ಕಂಪನಿಯದ್ದೇ. ಆಫೀಸಿಗೂ ಇದೇ ಕಾರು, ಬಿಡುವಾದಾಗ ಡ್ರ್ಯಾಗ್ ಸ್ಟ್ರಿಪ್‌ಗೂ (ನೇರ ಓಟದ ರೇಸ್ ಟ್ರ್ಯಾಕ್) ಇದೇ. 3600 ಸ್ಟಾಲ್, ಅಂದರೆ ಕಾರು ನಿಂತಿರುವಾಗ ಎಂಜಿನ್ 3600 ಆರ್‌ಪಿಎಂವರೆಗೆ ಏರಲು ಬಿಡುವ ಟಾರ್ಕ್ ಕನ್ವರ್ಟರ್ (ಎಂಜಿನ್ನಿಗೂ ಆಟೋಮ್ಯಾಟಿಕ್ ಗೇರ್‌ಬಾಕ್ಸ್‌ಗೂ ನಡುವೆ ಆಯಿಲ್ ಮೂಲಕ ಶಕ್ತಿ ದಾಟಿಸುವ ಭಾಗ) ಹಾಕಿಸಿದರೆ ಟ್ರಾಫಿಕ್‌ನಲ್ಲಿ ಕಷ್ಟ ಆಗುತ್ತಾ? ಹೆಂಡತಿಯೂ ಓಡಿಸುತ್ತಾಳೆ.

ಹೂಸ್ಟನ್:
ಕಣ್ಣು ಮುಚ್ಚಿಕೊಂಡು ಹಾಕಿಸಿ ಗುರು. ನನ್ನದು 1999ರ ಪಾಂಟಿಯಾಕ್, ಅದೇ ಎಂಜಿನ್, ಅದೇ ಗೇರ್‌ಬಾಕ್ಸ್. ಕನ್ವರ್ಟರ್ 950 ಡಾಲರ್, ಆಯಿಲ್ ಕೂಲರ್ 140, ಕೂಲಿ 700, ಕಾರಿನ ಕಂಪ್ಯೂಟರ್ ಟ್ಯೂನ್ 400. ಆಯಿಲ್ ಬೇರೆ. ಬೇರೇನನ್ನೂ ಮುಟ್ಟಲಿಲ್ಲ. ಮೊದಲ 60 ಅಡಿಗೆ 2.1 ಸೆಕೆಂಡ್ ಬೇಕಿತ್ತು, ಈಗ 1.8.
ಎಲ್‌ಎಸ್1ನ ಟಾರ್ಕ್ ತುದಿ ಮುಟ್ಟುವುದೇ 4000ದ ಹತ್ತಿರ. ಕಂಪನಿ ಕನ್ವರ್ಟರ್ 1800ರ ಆಸುಪಾಸಿನಲ್ಲೇ ಎಂಜಿನ್ನನ್ನು ಹಿಡಿದು ನಿಲ್ಲಿಸುತ್ತದೆ. ಅಲ್ಲಿ ಅದರ ಹತ್ತಿರ ಏನಿರುತ್ತೆ? ಗೇರ್ ಬದಲಾದಾಗಲೂ ನೋಡಿ. 6000ದಲ್ಲಿ ಎರಡಕ್ಕೆ ಬಿದ್ದರೆ, ಗೇರ್ ಅನುಪಾತ 3.06ರಿಂದ 1.63ಕ್ಕೆ ಇಳಿಯುವ ಲೆಕ್ಕದಲ್ಲಿ ಎಂಜಿನ್ 3200ಕ್ಕೆ ಕುಸಿಯುತ್ತದೆ. ಸಡಿಲ (ಹೆಚ್ಚು ಸ್ಟಾಲಿನ) ಕನ್ವರ್ಟರ್ ಅಷ್ಟು ಕುಸಿಯಲು ಬಿಡುವುದಿಲ್ಲ. ಜನ ಬರೀ ಲಾಂಚ್ ಬಗ್ಗೆ ಮಾತಾಡ್ತಾರೆ, ನನಗೆ ನಿಜವಾದ ಲಾಭ ಸಿಕ್ಕಿದ್ದು ಇಲ್ಲಿ.

ಮಿಷಿಗನ್:
ಕನ್ವರ್ಟರ್ ಯಾವುದು ಅನ್ನುವುದಕ್ಕಿಂತ ಯಾರು ಕೂರಿಸುತ್ತಾರೆ ಅನ್ನುವುದನ್ನು ಮೊದಲು ನೋಡಿ. ನಮ್ಮ ಕಡೆಯ ಒಂದು ಗ್ಯಾರೇಜ್‌ನವರು ಕನ್ವರ್ಟರ್ ಗೇರ್‌ಬಾಕ್ಸ್‌ನ ಆಯಿಲ್ ಪಂಪಿನೊಳಗೆ ಪೂರ್ತಿ ಕೂತಿದೆಯಾ ಎಂದು ನೋಡದೆ ಬೆಲ್‌ಹೌಸಿಂಗ್ (ಗೇರ್‌ಬಾಕ್ಸ್ ಎಂಜಿನ್ನಿಗೆ ಸೇರುವ ಕವಚ) ಬೋಲ್ಟ್ ಎಳೆದು ಬಿಗಿದರು. ಪಂಪ್ ಒಡೆಯಿತು. ಮನೆಗೆ ಬರುವಷ್ಟರಲ್ಲಿ ಪ್ರೆಶರ್ ಇಲ್ಲ, ಮೂರನೇ ಗೇರ್‌ನಲ್ಲಿ ಎಂಜಿನ್ ಸುಮ್ನೆ ಕೂಗುತ್ತಿದೆ. ಮೂರು, ನಾಲ್ಕನೇ ಗೇರಿನ 3-4 ಕ್ಲಚ್ ಸುಟ್ಟು ಹೋಗಿತ್ತು. ಈ ಗೇರ್‌ಬಾಕ್ಸ್‌ನಲ್ಲಿ ಅದು ಮೊದಲೇ ವೀಕು. ‘ನಿಮ್ಮ ಗೇರ್‌ಬಾಕ್ಸ್ ಹಳೇದು’ ಅಂದರು. ರೀಬಿಲ್ಡ್ 2300 ಡಾಲರ್, ಟೋ 180, ಸುಟ್ಟ ಪುಡಿ ಸೇರಿದ್ದಕ್ಕೆ ಹೊಸ ಕನ್ವರ್ಟರ್ ಬಿಚ್ಚಿ ತೊಳೆಸಿದ್ದು 350. ಒಂದು ಡಾಲರ್ ವಾಪಸ್ ಬರಲಿಲ್ಲ.
ಗೇರ್‌ಬಾಕ್ಸ್ ಎಂಜಿನ್ನಿಗೆ ಕೂತ ಮೇಲೆ ಕನ್ವರ್ಟರ್ ಕೈಯಲ್ಲಿ ಸಲೀಸಾಗಿ ತಿರುಗಬೇಕು. ಫ್ಲೆಕ್ಸ್‌ಪ್ಲೇಟ್‌ಗೂ (ಕನ್ವರ್ಟರ್ ಬೋಲ್ಟ್ ಆಗುವ ಎಂಜಿನ್ ಹಿಂದಿನ ತಟ್ಟೆ) ಕನ್ವರ್ಟರ್‌ಗೂ ನಡುವೆ 3ರಿಂದ 5 ಮಿಲಿಮೀಟರ್ ಸಂದು ಇರಬೇಕು. ಪಕ್ಕದಲ್ಲೇ ನಿಂತು ಅಳೆಸಿ.

ಫೀನಿಕ್ಸ್:
ಹೂಸ್ಟನ್‌ನವರು ಚಪ್ಪಟೆ ನೆಲದಲ್ಲಿ ಓಡಿಸುತ್ತಾರೆ. ಇಲ್ಲಿಂದ ಫ್ಲ್ಯಾಗ್‌ಸ್ಟಾಫ್‌ಗೆ ಐ-17ರಲ್ಲಿ ಹೊರಟರೆ 1100 ಅಡಿಯಿಂದ 7000 ಅಡಿ ಹತ್ತಬೇಕು. ನನ್ನದು ಬರೀ 3000 ಸ್ಟಾಲ್. ಏರಿನಲ್ಲಿ ಲಾಕಪ್ (ಕನ್ವರ್ಟರ್ ಜಾರದಂತೆ ಹಿಡಿಯುವ ಒಳಗಿನ ಕ್ಲಚ್) ಬಿಟ್ಟುಕೊಂಡರೆ ಆಯಿಲ್ ಬಿಸಿ 230 ಡಿಗ್ರಿ ಫ್ಯಾರನ್‌ಹೀಟ್ ದಾಟುತ್ತಿತ್ತು. ದೊಡ್ಡ ಕೂಲರ್, ಫ್ಯಾನ್, ಗೇಜ್, ಆಳದ ಆಯಿಲ್ ಪ್ಯಾನ್ ಎಲ್ಲ ಸೇರಿ ಇನ್ನೊಂದು 600 ಡಾಲರ್ ಹೋಯಿತು.
ಆಮೇಲೆ 2.73 ಆಕ್ಸಲ್. ಗಂಟೆಗೆ 65 ಮೈಲಿ, ನಾಲ್ಕನೇ ಗೇರ್, ಲಾಕಪ್ ಹಿಡಿದಿದ್ದರೆ ಎಂಜಿನ್ ಸುಮಾರು 1600. 3600 ಸ್ಟಾಲಿಗೆ ಅದು ತೀರಾ ಕಡಿಮೆ. ಲಾಕಪ್ ಬಿಟ್ಟ ಕ್ಷಣ ಜಾರಿದ್ದೆಲ್ಲ ಬಿಸಿಯಾಗುತ್ತೆ. ಕಣ್ಣು ಮುಚ್ಚಿಕೊಂಡು ಹಾಕಿಸಿ ಅನ್ನುವುದು ಯಾವ ಸೀಮೆ ಸಲಹೆ?

ಹೂಸ್ಟನ್:
ಲಾಕಪ್ ಯಾವಾಗ ಹಿಡಿಯಬೇಕು, ಯಾವಾಗ ಬಿಡಬೇಕು ಅನ್ನುವುದು ಟ್ಯೂನ್‌ನಲ್ಲಿ ಇರುತ್ತೆ ಸ್ವಾಮಿ. ನಿಮ್ಮ ಟ್ಯೂನರ್ ಮುಟ್ಟಿಲ್ಲ ಅಂದರೆ ಕನ್ವರ್ಟರ್ ಮೇಲೆ ಯಾಕೆ ಸಿಟ್ಟು? ನನ್ನದು ಆಗಸ್ಟ್ ಬಿಸಿಲಲ್ಲೂ 190 ದಾಟುವುದಿಲ್ಲ.

ಫೀನಿಕ್ಸ್:
ಟ್ಯೂನ್ ಆಗಿದೆ. ಏರಿನಲ್ಲಿ ಕಾಲು ಒತ್ತಿದರೆ ಗೇರ್ ಇಳಿಯಲೇಬೇಕು, ಆಗ ಲಾಕಪ್ ಬಿಡಲೇಬೇಕು. ಬೆಟ್ಟ ಹತ್ತಿ ತೋರಿಸಿ, ಆಮೇಲೆ ಮಾತಾಡೋಣ.

ಬೆಂಗಳೂರು:
ನಡುವೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ನನ್ನದು ಇನೋವಾ ಕ್ರಿಸ್ಟಾ 2.8 ಡೀಸೆಲ್ ಆಟೋಮ್ಯಾಟಿಕ್. 1200 ಆರ್‌ಪಿಎಂಗೇ 360 ನ್ಯೂಟನ್ ಮೀಟರ್ ಬರುತ್ತೆ, ಎತ್ತರದ ಸ್ಟಾಲ್ ಬೇಕೇ ಇಲ್ಲ. ಸಿಲ್ಕ್ ಬೋರ್ಡ್‌ನಲ್ಲಿ ಬ್ರೇಕ್ ಬಿಟ್ಟರೆ ತಾನೇ ತೆವಳುತ್ತೆ. ಇದಕ್ಕೂ ಮೊದಲು ಡ್ರೈ ಕ್ಲಚ್ ಡಿಸಿಟಿ (ಟಾರ್ಕ್ ಕನ್ವರ್ಟರ್ ಬದಲು ಎರಡು ಕ್ಲಚ್ ಇರುವ ಆಟೋಮ್ಯಾಟಿಕ್) ಕಾರು ಇತ್ತು. ಅದೇ ಜಾಮ್‌ನಲ್ಲಿ ಕ್ಲಚ್ ಹೋಗಿ 1.6 ಲಕ್ಷ ಎಸ್ಟಿಮೇಟ್ ಕೊಟ್ಟರು. ವಾರಂಟಿ ಮುಗಿದಿತ್ತು. ಇನ್ನು ಮುಂದೆ ನನಗೆ ಟಾರ್ಕ್ ಕನ್ವರ್ಟರ್ ಬಿಟ್ಟು ಬೇರೆ ಬೇಡ.

ಮಿಷಿಗನ್:
ಇನೋವಾಗೂ ಕ್ಯಾಮರೋಗೂ ಏನು ಸಂಬಂಧ? ಕೇಳಿದ್ದಕ್ಕೆ ಉತ್ತರ ಕೊಡಿ.

ಬೆಂಗಳೂರು:
ಎಂಜಿನ್ ಎಲ್ಲಿ ಎಳೆಯುತ್ತೆ ಅನ್ನುವುದನ್ನು ನೋಡಿ ಸ್ಟಾಲ್ ಆರಿಸಬೇಕು ಅಂತ ಹೇಳಿದೆ. ನೀವೂ ನಿಮ್ಮ ಗ್ಯಾರೇಜ್ ಜಗಳ ತಾನೇ ಬರೆದಿದ್ದು?

ನ್ಯೂಜೆರ್ಸಿ:
3600 ಅನ್ನುವ ನಂಬರ್ ಹಿಡಿದುಕೊಂಡು ಯಾಕೆ ಹೊಡೆದಾಡ್ತೀರಿ? ಸ್ಟಾಲ್ ಕನ್ವರ್ಟರ್‌ನಲ್ಲಿ ಕೊರೆದಿಟ್ಟ ಸಂಖ್ಯೆ ಅಲ್ಲ. ಎಂಜಿನ್ ಎಷ್ಟು ಟಾರ್ಕ್ ಕೊಡುತ್ತದೋ ಅದರ ಮೇಲೆ ಏರುತ್ತೆ, ಇಳಿಯುತ್ತೆ. ನಾನು ಕಳಚಿದ ಕನ್ವರ್ಟರನ್ನೇ ಸ್ನೇಹಿತ ತನ್ನ ದೊಡ್ಡ ಎಂಜಿನ್ನಿಗೆ ಹಾಕಿಕೊಂಡ. ನನ್ನಲ್ಲಿ 3200 ತೋರಿಸುತ್ತಿದ್ದದ್ದು ಅವನಲ್ಲಿ 3700ಕ್ಕೆ ಹೋಯಿತು. ಬ್ರೇಕ್ ಒತ್ತಿ ಅಳೆದರೆ ಇನ್ನೂ ಕಡಿಮೆ ಬರುತ್ತೆ, ಯಾಕೆಂದರೆ ಹಿಂದಿನ ಟೈರ್ ಮೊದಲೇ ಸುತ್ತಲು ಶುರುಮಾಡುತ್ತೆ. ತಯಾರಕರಿಗೆ ಕಾರಿನ ತೂಕ, ಆಕ್ಸಲ್, ಕ್ಯಾಮ್ ಎಲ್ಲ ಹೇಳಿ ಕಟ್ಟಿಸಿಕೊಳ್ಳಿ. ನಾನು 1100 ಡಾಲರ್ ಕೊಟ್ಟು ಹಾಗೇ ಮಾಡಿಸಿದ್ದು, ಇವತ್ತಿಗೂ ಖುಷಿ ಇದೆ.

ಹೂಸ್ಟನ್:
ಬ್ರೇಕ್ ಒತ್ತಿ ಅಳೆಯಿರಿ ಅಂತ ಯಾರು ಹೇಳಿದರು? ನಿಂತಲ್ಲಿಂದ ಒಮ್ಮೆಲೇ ಪೂರ್ತಿ ಒತ್ತಿ ಫ್ಲ್ಯಾಶ್, ಅಂದರೆ ಎಂಜಿನ್ ಥಟ್ಟನೆ ಎಷ್ಟು ಆರ್‌ಪಿಎಂಗೆ ಹಾರುತ್ತೆ ಅನ್ನುವುದನ್ನು ನೋಡಬೇಕು.

ನ್ಯೂಜೆರ್ಸಿ:
ನಾನೂ ಅದನ್ನೇ ಹೇಳಿದ್ದು. ಓದಿ ಬರೆಯಿರಿ.

ಡಲ್ಲಾಸ್:
ಎಲ್ಲರಿಗೂ ಥ್ಯಾಂಕ್ಸ್. ಹೆಂಡತಿ ಓಡಿಸುವ ವಿಷಯ ಯಾರೂ ಹೇಳಲಿಲ್ಲ. 3600 ಮುಟ್ಟುವ ತನಕ ಕಾರು ಕದಲೋದೇ ಇಲ್ವಾ?

ನ್ಯೂಜೆರ್ಸಿ:
ಕದಲುತ್ತೆ. ಅದು ಸುಳ್ಳು ಮಾತು. ಮೆಲ್ಲಗೆ ಒತ್ತಿದರೆ 1500, 2000ಕ್ಕೇ ಹೊರಡುತ್ತೆ. ಆದರೆ ಬ್ರೇಕ್ ಬಿಟ್ಟಾಗಿನ ತೆವಳು ಕಡಿಮೆ. ಏರುದಾರಿಯ ಪಾರ್ಕಿಂಗ್‌ನಲ್ಲಿ ಹಿಂದಕ್ಕೆ ಜಾರಬಹುದು, ಎಡಗಾಲು ಬ್ರೇಕಿನ ಮೇಲೆ ಇಟ್ಟು ಬಲಗಾಲಲ್ಲಿ ಒತ್ತಬೇಕಾಗುತ್ತೆ. ನಮ್ಮ ಮನೆಯವರಿಗೆ ಅಭ್ಯಾಸ ಆಗಲು ಸ್ವಲ್ಪ ಸಮಯ ಹಿಡಿಯಿತು. ಕ್ಯಾಮ್ ಬದಲಿಸುವ ಯೋಚನೆ ಇಲ್ಲದಿದ್ದರೆ 2800 ಸಾಕು.

ಹೂಸ್ಟನ್:
2800 ಹಾಕಿಸಿದವರೆಲ್ಲ ಆಮೇಲೆ ಮತ್ತೆ ಗೇರ್‌ಬಾಕ್ಸ್ ಇಳಿಸಿ ಎರಡನೇ ಸಲ 700 ಕೂಲಿ ಕೊಡ್ತಾರೆ. ಬರೆದಿಟ್ಟುಕೊಳ್ಳಿ.